ಒಂದು ನಿಮಿಷ, ಹದಿಮೂರು ವರ್ಷ

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ಬಂಧುಗಳ ಮನೆಯ ಜಗಲಿಯಲ್ಲಿ ನಾವು ಕುಳಿತಿದ್ದಾಗ ಒಳಗೆ ಮಕ್ಕಳ ಜಗಳ ಶುರುವಾಯಿತು. ಬೆಂಗಳೂರಿನಿಂದ ಬಂದಿದ್ದ ಹುಡುಗರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಿದ್ದರು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಟ ಅದು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಕತೆಯೊಳಗಿನ ಪಾತ್ರಗಳಾಗುತ್ತಾರೆ, ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಒಬ್ಬನ ಮಾಂತ್ರಿಕ ಒಂದು ನಿಮಿಷ ಬಾಳುವ ಮಂತ್ರ ಹಾಕಿದ್ದ. ಕಾಳಗದ ಒಂದು ಸುತ್ತೆಂದರೆ ಸುಮಾರು ಆರು ಸೆಕೆಂಡು, ನಿಮಿಷಕ್ಕೆ ಹತ್ತು ಸುತ್ತು. ಕಾಳಗ ನಾಲ್ಕೇ ಸುತ್ತಿಗೆ ಮುಗಿದಿತ್ತು. ಮಿಕ್ಕ ಆರು ಸುತ್ತಿನ ಬಲದಲ್ಲಿ ಪಕ್ಕದ ಕೋಣೆಗೂ ನುಗ್ಗುತ್ತೇನೆಂದು ಅವನ ವಾದ. ಸತ್ತವರ ಜೇಬು ತಡಕುತ್ತ ನಿಂತಿದ್ದಿರಿ, ಮಂತ್ರ ಇಳಿದುಹೋಯಿತೆಂದು ಕತೆ ನಡೆಸುವವನ ತೀರ್ಪು.

ಮಕ್ಕಳಾಟವೆಂದು ನಗಬಹುದು. ಆದರೆ ಇಲ್ಲಿಗೆ ದೂರವಲ್ಲದ ಹಳೇಬೀಡಿನ ಗುಡಿಯ ಗೋಡೆಗಳಲ್ಲಿ ಶಿಲ್ಪವಾಗಿ ನಿಂತಿರುವ ಮಹಾಭಾರತದಲ್ಲೂ ದಾಳದಿಂದ ಹುಟ್ಟಿದ ಇಂಥದೇ ಜಗಳವಿದೆ. ಪಣ ಹೀಗಿತ್ತು: ಸೋತವರು ಹನ್ನೆರಡು ವರ್ಷ ಕಾಡಿನಲ್ಲಿರಬೇಕು, ಹದಿಮೂರನೆಯ ವರ್ಷ ಯಾರಿಗೂ ಗುರುತು ಸಿಗದಂತೆ ಬದುಕಬೇಕು, ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ. ವಿರಾಟನ ಗೋವುಗಳಿಗಾಗಿ ನಡೆದ ಕಾಳಗದಲ್ಲಿ ಅರ್ಜುನ ಕಾಣಿಸಿಕೊಂಡಾಗ ಅವಧಿ ಮುಗಿದಿಲ್ಲವೆಂದು ದುರ್ಯೋಧನ ಹೇಳಿದ. ಐದು ವರ್ಷಕ್ಕೆ ಎರಡು ತಿಂಗಳು ಹೆಚ್ಚು ಬರುತ್ತವೆ, ಹದಿಮೂರಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗಿದೆ, ಅವಧಿ ಮುಗಿದೇಹೋಗಿದೆ ಎಂದ ಭೀಷ್ಮ. (ನಾವು ಗುಣಿಸಿ ನೋಡಿದರೆ ಐದು ತಿಂಗಳು ಆರು ದಿನವಷ್ಟೇ ಸಿಗುತ್ತದೆ, ಇರಲಿ.) ವರ್ಷಾವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವ ರಮಝಾನನ್ನು ಕಂಡ ನಮಗೆ ಈ ಲೆಕ್ಕ ಹೊಸದಲ್ಲ. ಚಂದ್ರನನ್ನು ಎಣಿಸುವವನಿಗೆ ಹದಿಮೂರು ವರ್ಷ ಬೇಗ ತುಂಬುತ್ತದೆ.

ಇದಕ್ಕೂ ಮುಂಚೆ ಕಾಡಿನಲ್ಲಿ ಭೀಮ ಇನ್ನೊಂದು ಅರ್ಥ ಹುಡುಕಿದ್ದ. ಯಜ್ಞದಲ್ಲಿ ಸೋಮಲತೆ ಸಿಗದಿದ್ದರೆ ಪೂತಿಕ ನಡೆಯುವ ಹಾಗೆ ತಿಂಗಳನ್ನೇ ವರ್ಷವೆಂದು ಎಣಿಸೋಣ, ಹದಿಮೂರು ತಿಂಗಳು ಕಳೆದಿದ್ದೇವಲ್ಲ ಎಂದ. ಧರ್ಮರಾಜ ಒಪ್ಪಲಿಲ್ಲ. ಒಪ್ಪಿದ್ದರೆ ಲಾಭ ಅವನದೇ ಆಗುತ್ತಿತ್ತು.

ಎರಡೂ ಪಾಂಡವರಿಗೆ ಅನುಕೂಲದ ಅರ್ಥಗಳೇ. ಹಾಗಿದ್ದೂ ಒಂದು ನ್ಯಾಯ, ಇನ್ನೊಂದು ನೆಪ ಎನಿಸುವುದೇಕೆ? ಭೀಷ್ಮ ಎದುರು ಪಾಳೆಯದಲ್ಲಿದ್ದು ಹೇಳಿದನೆಂಬುದು ದೊಡ್ಡ ಮಾತೇ, ಆದರೆ ಅವನಿಗೆ ಆ ಮೊಮ್ಮಕ್ಕಳ ಮೇಲೆ ಪ್ರೀತಿಯೂ ಇತ್ತು. ನಮ್ಮ ಮಟ್ಟಿಗೆ ಕಾರಣ ಬೇರೆ. ಅಧಿಕ ಮಾಸದ ಲೆಕ್ಕ ದಾಳ ಉರುಳುವ ಮೊದಲೇ ಲೋಕದಲ್ಲಿತ್ತು. ಭೀಮನದು ಬೇಸರದ ದಿನ ಹುಟ್ಟಿದ ಲೆಕ್ಕ. ಹಾಗೆಂದು ದುರ್ಯೋಧನನ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲೂ ನಮಗೆ ಮನಸ್ಸಿಲ್ಲ. ವರ್ಷವೆಂದರೆ ಯಾವ ವರ್ಷ ಎಂಬುದು ಪಣದ ಮಾತಿನಲ್ಲಿ ಇರಲಿಲ್ಲವಲ್ಲ.

ಇಪ್ಪತ್ತೆಂಟು ದಿನದ ಫೆಬ್ರವರಿಗೆ ಪೂರ್ತಿ ಬಾಡಿಗೆ ವಸೂಲು ಮಾಡುವವನೇ ಅದೇ ತಿಂಗಳು ಕೆಲಸದವಳ ಸಂಬಳದಲ್ಲಿ ಎರಡು ದಿನ ಮುರಿದುಕೊಳ್ಳುವುದನ್ನು ನಾವು ನೋಡಿದ್ದೇವೆ. ಅವನೂ ಕರಾರಿಗೆ ಅರ್ಥ ಹೇಳುವವನೇ.

ಹುಡುಗರು ತೀರ್ಪಿಗೆ ನಮ್ಮ ಬಳಿ ಬಂದರು. ಆ ಮಂತ್ರ ಹಾಕಿದ್ದು ಶತ್ರುವಾಗಿದ್ದರೆ ಅವನಿಗೂ ಆರು ಸುತ್ತು ಉಳಿಸಿಕೊಡುತ್ತಿದ್ದೆಯಾ ಎಂದು ಕೇಳಿದೆವು. ಮಾಂತ್ರಿಕ ತಲೆ ಕೆರೆದುಕೊಂಡ. ಕತೆ ನಡೆಸುವವನು ಗೆದ್ದೆನೆಂದು ಬೀಗಿದಾಗ, ಜೇಬು ತಡಕಲು ಎಷ್ಟು ಹೊತ್ತೆಂದು ನೀನು ಮೊದಲೇ ಹೇಳಿದ್ದೆಯಾ ಎಂದೆವು. ಅವನೂ ಹೇಳಿರಲಿಲ್ಲ. ಆ ಕೋಣೆಯನ್ನು ಬಿಟ್ಟು, ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಏನನ್ನೋ ಬರೆದುಕೊಂಡು ಇಬ್ಬರೂ ಮತ್ತೆ ದಾಳ ಹಿಡಿದರು.