ಕಣ್ಮರೆಯ ಕೆಲಸಕ್ಕೆ ಕರ್ತೃ ಯಾರು?

ಒಬ್ಬನು ಆರಂಭಿಸಿ ಇನ್ನೊಬ್ಬನಿಗೆ ಒಪ್ಪಿಸಿದ ಕೆಲಸವು ಇಬ್ಬರ ಕಣ್ಣಿಗೂ ಬೀಳದೆ ನಡೆದು ಫಲ ಕೊಟ್ಟಾಗ, ಆ ಫಲ ಯಾರಿಗೆ ಸೇರುತ್ತದೆ ಎಂಬುದು ಕರ್ಮವಿಚಾರದಷ್ಟೇ ಹಳೆಯ ಪ್ರಶ್ನೆ. ಅದು ಈಗ ಗಣಕಯಂತ್ರದೊಳಗೆ ಮತ್ತೆ ತಲೆಯೆತ್ತಿದೆ. ಪರದೆಯ ಮೇಲೆ ಕಾಣಿಸಿಕೊಳ್ಳದೆ ತನ್ನಷ್ಟಕ್ಕೆ ನಡೆಯುತ್ತಿರುವ ತಂತ್ರಾಂಶದ ಓಟಕ್ಕೆ ಹಿನ್ನೆಲೆ ಪ್ರಕ್ರಿಯೆ ಎಂದು ಹೆಸರು. ಮನುಷ್ಯನು ಮಾತಿನಲ್ಲಿ ಹೇಳಿದ ಗುರಿಯನ್ನು ಹಿಡಿದು, ಯಾವ ಆದೇಶವನ್ನು ಯಾವಾಗ ಕೊಡಬೇಕೆಂಬುದನ್ನು ತಾನೇ ಆರಿಸಿ, ಇಂಥ ಪ್ರಕ್ರಿಯೆಗಳನ್ನು ಹೊರಡಿಸುವ, ಅವುಗಳ ದಾಖಲೆಯನ್ನು ಓದುವ, ಬೇಡವಾದಾಗ ನಿಲ್ಲಿಸುವ ತಂತ್ರಾಂಶವೇ ಏಜೆಂಟ್.

ಯಾರೂ ಬಳಿಯಿಲ್ಲದೆ ನಡೆಯುವ ಕೆಲಸ ಚಿಕ್ಕಬಳ್ಳಾಪುರದ ಸೀಮೆಗೆ ಹೊಸದಲ್ಲ. ಅಲ್ಲಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೀರು ನಿಗದಿತ ಮಟ್ಟ ಮೀರಿದಾಗ ತಾವಾಗಿ ತೆರೆದುಕೊಂಡು ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1960ರ ದಶಕದಲ್ಲಿ ಹೂಡಿದ ಭೂಕಂಪಮಾಪಕಗಳ ಸಾಲು, ದೂರದ ದೇಶಗಳ ಪರಮಾಣು ಪರೀಕ್ಷೆಗಳ ಕಂಪನವನ್ನೂ ಹಿಡಿಯುವಂತೆ ಹಗಲಿರುಳು ನೆಲಕ್ಕೆ ಕಿವಿಗೊಟ್ಟಿತು. ಆದರೆ ಈ ಉಪಕರಣಗಳು ದಾಖಲಿಸುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ. ಬಂದ ಕಂಪನ ಭೂಕಂಪದ್ದೋ ಸ್ಫೋಟದ್ದೋ ಎಂದು ನಿರ್ಣಯಿಸಿ ಅದಕ್ಕೆ ಉತ್ತರ ಹೇಳಬೇಕಾದವನು ವಿಜ್ಞಾನಿಯೇ. ಅಣೆಕಟ್ಟಿನ ಬಾಗಿಲಿಗೂ ಮಾಪಕಕ್ಕೂ ಇಲ್ಲದ ಆಯ್ಕೆ ಎಂಬುದು ಏಜೆಂಟಿಗೆ ಬಂದಿರುವುದರಿಂದಲೇ ಪ್ರಶ್ನೆ ಬಿಗಿಯಾಗುತ್ತದೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಜೀವನಿಗೆ ಕರ್ತೃತ್ವ, ಅಂದರೆ ಕೆಲಸದ ಒಡೆತನ, ಹೇಗೆ ಬಂದಿತೆಂಬ ಚರ್ಚೆಯ ನಡುವೆ ಬಡಗಿಯ ದೃಷ್ಟಾಂತವೊಂದು ಬರುತ್ತದೆ. ಶಂಕರರ ಭಾಷ್ಯದ ಪ್ರಕಾರ ಬಡಗಿಯು ಉಪಕರಣಗಳನ್ನು ಹಿಡಿದಿರುವಾಗ ಕರ್ತೃವಾಗಿ ದಣಿಯುತ್ತಾನೆ, ಕೆಳಗಿಟ್ಟಾಗ ಸುಖಿಯಾಗಿರುತ್ತಾನೆ. ಹಾಗೆಯೇ ಆತ್ಮಕ್ಕೆ ಕರ್ತೃತ್ವವು ಉಪಾಧಿಯಿಂದ, ಎಂದರೆ ಹೊರಗಿನಿಂದ ಅಂಟಿದ ನಿಮಿತ್ತದಿಂದ ಬಂದದ್ದು, ಸಹಜವಲ್ಲ. ಇದೇ ಸೂತ್ರವನ್ನು ಮಧ್ವರು ಬೇರೆ ಬಗೆಯಲ್ಲಿ ಓದುತ್ತಾರೆ: ಬಡಗಿಯು ಕೆಲಸ ಮಾಡಿಸುವವನಿಗೆ ಅಧೀನನಾಗಿದ್ದೂ ತಾನೂ ಕರ್ತೃವೇ ಆಗಿರುವಂತೆ, ಜೀವನು ಈಶ್ವರಾಧೀನನಾಗಿದ್ದೂ ನಿಜವಾಗಿ ಕರ್ತೃವಾಗಿದ್ದಾನೆ. ಒಪ್ಪಿಸಿದ ಕೆಲಸದ ವಿಚಾರದಲ್ಲಿ ಹೆಚ್ಚು ಬೆಳಕು ಬೀರುವುದು ಈ ಎರಡನೆಯ ಓದೇ, ಏಕೆಂದರೆ ಅದರಲ್ಲಿ ಮಾಡುವವನು, ಮಾಡಿಸುವವನು ಇಬ್ಬರೂ ಉಳಿಯುತ್ತಾರೆ. ಆದರೂ ಏಜೆಂಟನ್ನು ಆ ಬಡಗಿಯ ಸ್ಥಾನದಲ್ಲಿ ಕೂರಿಸಲಾಗದು. ಬಡಗಿಯು ಚೇತನ, ಕೂಲಿಯೂ ದಣಿವೂ ಅವನಿಗೆ ಮುಟ್ಟುತ್ತವೆ. ಏಜೆಂಟ್ ಆರಿಸಬಲ್ಲದು, ಆದರೆ ಸುಖದುಃಖಗಳನ್ನು ಉಣ್ಣುವ ಭೋಕ್ತೃ ಅದರಲ್ಲಿ ಇದೆಯೆಂದು ಹೇಳಲು ಆಧಾರವಿಲ್ಲ. ಹಾಗಿರುವಾಗ ಬಡಗಿಯ ಪಾಲಿಗೆ ಬರಬೇಕಾಗಿದ್ದ ಹೊಣೆಯೂ ಮಾಡಿಸಿದವನ ಪಾಲಿಗೇ ಮರಳುತ್ತದೆ; ಕೆಲಸ ಕಣ್ಣಿಗೆ ದೂರವಾದಷ್ಟೂ ಹೊಣೆ ಹಗುರವಾಗುವುದಿಲ್ಲ, ಭಾರವಾಗುತ್ತದೆ.

ಲಿನಕ್ಸ್ ಮೊದಲಾದ ಕಾರ್ಯವ್ಯವಸ್ಥೆಗಳ ರಚನೆಯಲ್ಲೇ ಈ ತತ್ತ್ವ ಅಡಗಿರುವುದು ಗಮನಾರ್ಹ. ಅಲ್ಲಿ ಪ್ರತಿ ಪ್ರಕ್ರಿಯೆಗೂ ಒಂದು ಸಂಖ್ಯೆ ಇರುತ್ತದೆ, ಜೊತೆಗೆ ಅದನ್ನು ಹೊರಡಿಸಿದ ತಾಯಿ ಪ್ರಕ್ರಿಯೆಯ ಸಂಖ್ಯೆಯೂ ಇರುತ್ತದೆ. ತಾಯಿ ಮೊದಲು ಮುಗಿದರೆ ಅನಾಥವಾದ ಪ್ರಕ್ರಿಯೆಯನ್ನು ಸಾಮಾನ್ಯವಾಗಿ 1ನೆಯ ಸಂಖ್ಯೆಯ ಪ್ರಕ್ರಿಯೆ ಸಾಕಿಕೊಳ್ಳುತ್ತದೆ. ಏಜೆಂಟಿನ ಮಾತುಕತೆ ಮುಗಿದ ಮೇಲೂ ಅದು ಹೊರಡಿಸಿದ ಸರ್ವರ್ ಒಂದು ಸ್ಮೃತಿಯನ್ನೂ ಪೋರ್ಟನ್ನೂ ಹಿಡಿದುಕೊಂಡು ಓಡುತ್ತಲೇ ಇರಬಹುದು. ಇನ್ನು ಕೆಲಸ ಮುಗಿಸಿದ್ದರೂ ಅದರ ಫಲಿತಾಂಶವನ್ನು ತಾಯಿ ಬಂದು ಪಡೆಯದಿದ್ದರೆ, ಆ ಪ್ರಕ್ರಿಯೆ ಜೋಂಬಿ ಎಂಬ ಹೆಸರಿನಲ್ಲಿ ಪಟ್ಟಿಯಲ್ಲಿ ಉಳಿಯುತ್ತದೆ. 15ನೆಯ ಸಂಕೇತ ಕಳುಹಿಸಿದರೆ ಓಡುತ್ತಿರುವ ಪ್ರಕ್ರಿಯೆ ತನ್ನ ಕಡತಗಳನ್ನು ಜೋಡಿಸಿಟ್ಟು ನಿಲ್ಲಬಹುದು, 9ನೆಯದಾದರೆ ಆ ಅವಕಾಶವೂ ಇಲ್ಲ. ಈಗಾಗಲೇ ಮುಗಿದ ಜೋಂಬಿಗೆ ಮಾತ್ರ ಎರಡೂ ನಾಟುವುದಿಲ್ಲ, ಫಲವನ್ನು ಯಾರಾದರೂ ಸ್ವೀಕರಿಸಿದಾಗಲೇ ಅದು ಅಳಿಯುವುದು.

ಗೀತೆಯ ಫಲತ್ಯಾಗವನ್ನು ಮುಂದಿಟ್ಟುಕೊಂಡು, ಹೊರಡಿಸಿದ ಕೆಲಸದ ಕಡೆ ತಿರುಗಿ ನೋಡದಿರುವುದೇ ನಿರ್ಲಿಪ್ತಿ ಎಂದು ವಾದಿಸುವುದು ತಪ್ಪು. ಬಿಡಬೇಕಾದದ್ದು ಫಲದ ಆಸೆಯನ್ನು, ಫಲದ ಹೊಣೆಯನ್ನಲ್ಲ. ಮುಂದಾಗುವ ಪರಿಣಾಮ, ನಷ್ಟ, ಹಿಂಸೆ, ತನ್ನ ಶಕ್ತಿ ಇವನ್ನು ಲೆಕ್ಕಿಸದೆ ಮೋಹದಿಂದ ಆರಂಭಿಸಿದ ಕರ್ಮವನ್ನು ಅದೇ ಗೀತೆಯ ಹದಿನೆಂಟನೆಯ ಅಧ್ಯಾಯ ತಾಮಸವೆಂದು ಕರೆದಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದವರು. ಕೆಲಸ ಮುಗಿಯಿತೆಂದು ಏಜೆಂಟ್ ಕೊಡುವ ವರದಿಗೂ ಆ ಮಾತು ಪೂರ್ತಿಯಾಗಿ ಸಲ್ಲುತ್ತದೆ. ನಾಳೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಲೆಕ್ಕವನ್ನೋ ಚಿಂತಾಮಣಿಯ ಸಗಟು ವ್ಯಾಪಾರದ ಲೆಕ್ಕವನ್ನೋ ಇಂಥ ಏಜೆಂಟಿಗೆ ಒಪ್ಪಿಸುವವರು, ಒಪ್ಪಿಸುವ ಮೊದಲೇ, ಅದು ಹೊರಡಿಸಿದ ಪ್ರಕ್ರಿಯೆಗಳನ್ನು ನಿಲ್ಲಿಸುವವರು ಯಾರು, ಫಲಿತಾಂಶವನ್ನು ಓದಿ ಒಪ್ಪುವವರು ಯಾರು ಎಂಬುದನ್ನು ಒಬ್ಬ ಮನುಷ್ಯನ ಹೆಸರಿನಲ್ಲಿ ಬರೆದಿಡಬೇಕು.