ಅಂಗದ ವರ್ಣವೂ ಲಿಂಗದ ವರ್ಣವೂ



ಕರಸ್ಥಲದಲ್ಲಿಟ್ಟು ನಿತ್ಯವೂ ನಾವು ಪೂಜಿಸುವ ಇಷ್ಟಲಿಂಗದ ವರ್ಣವಾವುದು? ಕಂತಿಯ ಹೊದಿಕೆಯಿಂದ ಮಿನುಗುವ ಕಪ್ಪು. ಆ ಕಪ್ಪಿನಲ್ಲಿ ದೃಷ್ಟಿಯನ್ನು ನೆಲೆಗೊಳಿಸಿ ಮನಸ್ಸನ್ನು ಏಕಾಗ್ರಗೊಳಿಸುವುದೇ ಶಿವಯೋಗದ ಮಾರ್ಗವು. ಪೂಜೆಯನ್ನು ಮುಗಿಸಿ ಎದ್ದ ಗೃಹಸ್ಥನು ಅದೇ ಕಣ್ಣಿನಿಂದ ಮನೆಯ ಹೆಣ್ಣುಕೂಸನ್ನು ನೋಡಿ, "ಇದು ಕರಿಕೂಸು, ಇದನ್ನಾರು ಮದುವೆಯಾದಾರು?" ಎಂದರೆ ಆ ಪೂಜೆಯ ಫಲವೇನು?

ಇಂತಹ ಮಾತನ್ನು ಆಡಿದವರು ಮರೆಯುವರು; ಕೇಳಿದ ಕೂಸು ಮರೆಯದು. ಅಮೆರಿಕ ದೇಶದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು 1940ರ ದಶಕದಲ್ಲಿ, 3ರಿಂದ 7 ವರ್ಷದ ಕಪ್ಪು ಜನಾಂಗದ ಮಕ್ಕಳ ಮುಂದೆ ಬಣ್ಣವೊಂದನ್ನುಳಿದು ಸರ್ವಸಮವಾದ ಗೊಂಬೆಗಳನ್ನಿಟ್ಟು, ಒಳ್ಳೆಯದಾವುದೆಂದು ಕೇಳಿದರು. ಬಹುಪಾಲು ಮಕ್ಕಳು ಬಿಳಿಯ ಗೊಂಬೆಯನ್ನು ತೋರಿಸಿದರು. ನಿನ್ನಂತಿರುವುದಾವುದೆಂದು ಕೇಳಿದಾಗ ಕೆಲವರು ಅತ್ತುಬಿಟ್ಟರು. ಶಾಲೆಗಳಲ್ಲಿನ ವರ್ಣಭೇದವನ್ನು ರದ್ದುಪಡಿಸಿದ 1954ರ ತೀರ್ಪಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಬೇರೆ ಕೂರಿಸುವಿಕೆಯು ಮಕ್ಕಳ ಹೃದಯದಲ್ಲಿ ಕೀಳರಿಮೆಯನ್ನು ಬಿತ್ತುವುದೆಂದು ಸಾರಿತು.

ಇದು ದೂರದೇಶದ ಕಥೆಯೆನ್ನದಿರಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅನೇಕರು ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರು. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಕನ್ನಡವನ್ನೂ ಆಡುವ ಆ ಮಕ್ಕಳನ್ನು ಮೈಬಣ್ಣಕ್ಕಾಗಿ, ಗುಂಗುರುಗೂದಲಿಗಾಗಿ ಹೀಯಾಳಿಸಿ, "ನೀನು ಯಾವ ದೇಶದವನು?" ಎಂದು ಕೇಳುವ ನಾಲಗೆಗಳು ನಮ್ಮವೇ ಅಲ್ಲವೇ?

1975ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಲೇಪನದ ಹೆಸರಿನಿಂದ 'ಫೇರ್' ಎಂಬ ಪದವನ್ನು 2020ರಲ್ಲಿ ತೆಗೆದುಹಾಕಿದರು. ಹೊದಿಕೆಯ ಮೇಲಿನ ಪದವು ಹೋಯಿತು. ಮನೆಮಾತಿನೊಳಗಿನ ಪದವು ಎಂದು ಹೋದೀತು?

ಬೇವೂರು ಸೀಮೆಯ ರೈತನು ಎರೆಹೊಲದ ಕಪ್ಪನ್ನು ಹೊಗಳುತ್ತಾನೆ. ಜೋಳದ ತೆನೆ ಆ ಕಪ್ಪಿನ ಪ್ರಸಾದವೆಂಬುದನ್ನು ಅವನು ಬಲ್ಲನು. ಮಣ್ಣಿನಲ್ಲಿ ಮಾನ್ಯವಾದುದು ಮಗಳಲ್ಲಿ ಕುಂದಾಗುವುದು ಹೇಗೆ? ಲಿಂಗಧಾರಣೆಯ ದಿನ ಗುರುವು ಶಿಶುವಿನ ಬಣ್ಣವನ್ನು ನೋಡಿ ಲಿಂಗವನ್ನು ಕಟ್ಟುವುದಿಲ್ಲ. ಕಾಯವನ್ನೇ ಶಿವಾಲಯವೆಂದರಿತ ಶರಣರು ಆ ಆಲಯದ ಗೋಡೆಯ ಬಣ್ಣವನ್ನು ಕೇಳಲಿಲ್ಲ, ಒಳಗಿರುವವನನ್ನು ಕಂಡರು.

ಆದುದರಿಂದ ಸದ್ಭಕ್ತರು ಯಾವ ಕೂಸನ್ನೂ ಬಣ್ಣದಿಂದ ಕರೆಯಬಾರದು. ಕನ್ಯೆಯನ್ನು ನೋಡಹೋದಲ್ಲಿ ಬಣ್ಣದ ಮಾತನ್ನೆತ್ತಬಾರದು. ಮನೆಯಲ್ಲಿ ಹೀಗಳೆಸಿಕೊಂಡ ಮಗುವಿಗೆ ಊರಿನ ಹೊಗಳಿಕೆ ಆಸರೆಯಾಗದು. ಮನೆಯಲ್ಲಿ ಮನ್ನಣೆ ಪಡೆದ ಮಗುವು ಊರಿನ ನಿಂದೆಯನ್ನು ತಾಳಬಲ್ಲದು. ಆ ಮನ್ನಣೆಯನ್ನು ಕೊಡುವುದೂ ಲಿಂಗಪೂಜೆಯೇ.