ಫಿಲ್ಮು ಬಂದ ಮೇಲೆ

ನಮ್ಮಕ್ಕನ ಕೈ ರಂಗೋಲಿಗೆ ಹೆಸರಾದ ಕೈ. ಪಾವಗಡ ಸೀಮೆಯ ತನ್ನ ಹಳ್ಳಿಯಲ್ಲಿ ಪುಸ್ತಕ ನೋಡದೆ ತೇರಿನ ರಂಗೋಲಿ ಇಡುತ್ತಿದ್ದವಳು, ಮೂರು ವರ್ಷದ ಹಿಂದೆ ಅಂಗಳಕ್ಕೆ ನಾಲ್ಕು ಗೆರೆ ಎಳೆದು ಒಳಗೆ ಬರತೊಡಗಿದಳು. ಆಮೇಲೆ ರವಿಕೆಯ ಹುಕ್ಕು ಹಾಕಲು ಸೊಸೆಯನ್ನು ಕರೆಯುವುದು ಶುರುವಾಯಿತು. “ಬೆರಳು ಹೇಳಿದ ಮಾತು ಕೇಳಲ್ಲ ಕಣೇ, ಹತ್ತಿ ಮೇಲೆ ನಡೆದಂಗಾಗುತ್ತೆ” ಎಂದು ನನಗೆ ಎಷ್ಟು ಸಲ ಹೇಳಿದಳೋ.

ಭಾವ “ಅರವತ್ತು ದಾಟಿತಲ್ಲ” ಎಂದರು. ಮಗ ಬಲದ ಮಾತ್ರೆ ತಂದುಕೊಟ್ಟ. ನಾನಂತೂ “ಸೊಸೆ ಬಂದಮೇಲೆ ಅಕ್ಕನಿಗೆ ಕೆಲಸದ ಮೇಲೆ ಮನಸ್ಸಿಲ್ಲ” ಎಂದು ನಮ್ಮ ಯಜಮಾನರ ಹತ್ತಿರ ಹೇಳಿ ನಕ್ಕಿದ್ದೆ. ಹೋಂವರ್ಕ್ ಮಾಡದ ಹುಡುಗ ಹೊಟ್ಟೆನೋವೆಂದರೆ ನಂಬದೆ ನಂಬದೆ, ನಮ್ಮ ಕಸುಬಿನವರಿಗೆ ಈ ಗುಣ ಅಂಟಿಕೊಳ್ಳುತ್ತದೆಯೋ ಏನೋ.

ಬಚ್ಚಲಿನಲ್ಲಿ ಬಿದ್ದ ಮೇಲೆ ಅವಳನ್ನು ಬೆಂಗಳೂರಿಗೆ ಕರೆತಂದೆವು. ಡಾಕ್ಟರು ಮೊದಲು ಯಾವ ಫಿಲ್ಮನ್ನೂ ಕೇಳಲಿಲ್ಲ. ಮುಷ್ಟಿ ಬಿಗಿದು ಬಿಚ್ಚಮ್ಮ ಎಂದು ಗಡಿಯಾರ ನೋಡಿದರು. ಹತ್ತು ಸೆಕೆಂಡಿಗೆ ಇಪ್ಪತ್ತು ಸಲವಾದರೂ ಆಗಬೇಕಂತೆ. ಅಕ್ಕನಿಗೆ ಒಂಬತ್ತಾಯಿತು. ಹುಕ್ಕಿನ ವಿಷಯವನ್ನು ಅವರೇ ಕೇಳಿದಾಗ ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಎಕ್ಸ್‌ರೇ, ಎಂ.ಆರ್.ಐ., ಸಿ.ಟಿ. ಎಲ್ಲವೂ ಆದವು. ಕತ್ತಿನ ಮೂಳೆಗಳ ಹಿಂಬದಿಗೆ, ಬೆನ್ನುಹುರಿಯ ಮುಂದೆ, ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಇಳಿಯುತ್ತದೆ. ಅದಕ್ಕೆ ಲಿಗಮೆಂಟು ಎನ್ನುತ್ತಾರೆ. ಬಳ್ಳಿಯ ಹಾಗೆ ಬಾಗಬೇಕಾದ ಆ ಪಟ್ಟಿ ಅಕ್ಕನ ಕತ್ತಿನಲ್ಲಿ ಮೂಳೆಯಾಗಿತ್ತು. ಹುರಿ ಅದುಮಿಕೊಂಡದ್ದು ಎಂ.ಆರ್.ಐ.ಯಲ್ಲಿ ಕಂಡಿತು. ಆದರೆ ಅದರಲ್ಲಿ ಪಟ್ಟಿಯೂ ಕಪ್ಪು, ಮೂಳೆಯಾದ ಪಟ್ಟಿಯೂ ಕಪ್ಪು. ಸಿ.ಟಿ.ಯಲ್ಲಿ ಮಾತ್ರ ಅದು ಸುಣ್ಣ ಬಳಿದಂತೆ ಬೆಳ್ಳಗೆ ಎದ್ದು ಕಂಡಿತು. ಹುರಿ ಇಳಿಯುವ ದಾರಿಯ ಅರ್ಧವನ್ನು ನುಂಗಿತ್ತು. ಡಾಕ್ಟರು ಪಕ್ಕದಿಂದ ತೆಗೆದ ಎಕ್ಸ್‌ರೇ ಮೇಲೆ ಸ್ಕೇಲಿಟ್ಟು, ಆ ದಾರಿಯ ನಡುವೆ ಕತ್ತಿನ ಎರಡನೇ ಮೂಳೆಯಿಂದ ಏಳನೆಯದರವರೆಗೆ ಗೆರೆ ಎಳೆದರು. ಜಪಾನಿನ ವೈದ್ಯರು 2008ರಲ್ಲಿ ತಿಳಿಸಿದ ಗೆರೆ ಅದು. ಬೆಳೆದ ಮೂಳೆ ಗೆರೆ ದಾಟಿದ್ದರೆ ಹಿಂದಿನಿಂದ ಬಿಡಿಸಿದರೆ ಸಾಲದು. ಅಕ್ಕನದು ದಾಟಿರಲಿಲ್ಲ.

ಯಾವ ನೀರು ಕುಡಿಯುತ್ತಿದ್ದಿರೆಂದೂ ಕೇಳಿದರು. ನಮ್ಮ ಕಡೆಯ ಕೊಳವೆಬಾವಿಗಳ ಫ್ಲೋರೈಡು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿಗಮೆಂಟುಗಳು ಗಟ್ಟಿಯಾಗುವುದುಂಟು. ಫ್ಲೋರೈಡಿನ ಸೋಂಕಿಲ್ಲದವರಲ್ಲೂ ಈ ಕಾಯಿಲೆ ಇದೆ. ಅಕ್ಕನ ವಿಷಯದಲ್ಲಿ ನೀರೇ ಕಾರಣವೆಂದು ಅವರು ಹೇಳಲಿಲ್ಲ.

ಅಂದು ಸಂಜೆ ಅಕ್ಕನ ಮಗ ಫಿಲ್ಮಿನ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದ. ಒಬ್ಬೊಬ್ಬರೂ ಫೋನು ಮಾಡಿ “ಅಯ್ಯೋ ಪಾಪ, ಎಷ್ಟು ಸಂಕಟಪಟ್ಟಳೋ” ಎಂದರು. ಎರಡು ವರ್ಷ ಅವಳ ಬಾಯಿಂದ ಕೇಳಿ ಕದಲದವರು ಒಂದು ಕಪ್ಪು ಹಾಳೆಗೆ ಕರಗಿದರು. ನಾನೂ ಅವರಲ್ಲೊಬ್ಬಳು. ನಮ್ಮ ಯಜಮಾನರಿಗೆ ಭುಜ ನೋಯುತ್ತದೆಂದಾಗ ಎರಡನೇ ದಿನಕ್ಕೇ ಎಕ್ಸ್‌ರೇ ಆಗಿತ್ತು. ಆಗ ಸಾಕ್ಷಿ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನಿಮ್ಮ ಮನೆಗಳಲ್ಲೂ ನೋಡಿರುತ್ತೀರಿ.

ಯಂತ್ರವನ್ನು ದೂರುತ್ತಿಲ್ಲ. ಬರೀ ಮಾತು ನಂಬಿ ಯಾವ ವೈದ್ಯರೂ ಕತ್ತಿಗೆ ಕತ್ತರಿ ಹಾಕಲಾರರು. ಆದರೆ ಬೇರೆ ಯಾವುದಕ್ಕೋ ಸ್ಕ್ಯಾನು ಮಾಡಿಸಿ, ಕತ್ತಿನಲ್ಲಿ ಇಂಥದೇ ಮೂಳೆ ಕಂಡರೂ ಯಾವ ತೊಂದರೆಯೂ ಇಲ್ಲದೆ ಓಡಾಡುವವರು ಇದ್ದಾರಂತೆ. ಅಂಥವರಿಗೆ ಚಿತ್ರ ನೋಡಿದ ಮಾತ್ರಕ್ಕೆ ಆಪರೇಷನ್ ಮಾಡುವುದಿಲ್ಲ ಎಂದರು ಡಾಕ್ಟರು. ಎಲ್ಲಿ, ಎಷ್ಟು ಎಂದು ಫಿಲ್ಮು ಹೇಳುತ್ತದೆ. ರವಿಕೆಯ ಹುಕ್ಕು ಹಾಕಲಾಗದ್ದನ್ನು ಅಕ್ಕನೇ ಹೇಳಬೇಕು. ಅವಳು ಹೇಳಿದ್ದಳು.

“ಇನ್ನೂ ಮುಂಚೆ ಬರಬಹುದಿತ್ತು” ಎಂದಷ್ಟೇ ಡಾಕ್ಟರು ಹೇಳಿದರು, ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಪರೇಷನ್ ಆಗಿ ವರ್ಷವಾಗುತ್ತ ಬಂತು. ಈಗ ನಡಿಗೆ ಪರವಾಗಿಲ್ಲ, ಹುಕ್ಕು ತಾನೇ ಹಾಕಿಕೊಳ್ಳುತ್ತಾಳೆ. ತೇರಿನ ರಂಗೋಲಿ ಮಾತ್ರ ಕೈಗೆ ಹತ್ತಲಿಲ್ಲ. ಹೋದ ವಾರ ಫೋನಿನಲ್ಲಿ “ಮಂಡಿ ಹಿಡಕೊಂಡಿದೆ ಕಣೇ” ಎಂದಳು. ಯಾವತ್ತಿನಿಂದ, ಯಾವ ಹೊತ್ತಿನಲ್ಲಿ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ನಾನು ಕೇಳುತ್ತಲೇ ಹೋದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಫಿಲ್ಮು ತೆಗೆಸಿಕೊಂಡೇ ಬರಲೇನೇ?” ಎಂದಳು.